ಪಾಠಾರಂಭದ ವಿಚಾರ

ಮನೆಯಲ್ಲಿ ಓದುವ ಮಕ್ಕಳುಳ್ಳ ವಾಚಕರಿಗೆ ಈ ಸಂಭಾಷಣೆಯು ಅಪರಿಚಿತವಾಗಿರಲಾರದು. ಸಾಯಂಕಾಲ ಶಾಲೆಯಿಂದ ಬಂದ ಮಗುವನ್ನು “ಈ ದಿನ ಏನು ಪಾಠವಾಯಿತು?” ಎಂದು ಕೇಳುತ್ತೇವೆ. “ಲೆಕ್ಕ” ಎಂದು ಉತ್ತರ ಬರುತ್ತದೆ. “ಲೆಕ್ಕದಲ್ಲಿ ಏನು?” ಎಂದರೆ “ಪುಸ್ತಕದ ೬೨ನೆಯ ಪುಟ” ಎಂಬುದಕ್ಕಿಂತ ಹೆಚ್ಚಿನದೇನೂ ಹೊರಡುವುದಿಲ್ಲ. ಮಗುವು ಮಂದಮತಿಯೆಂದು ಇದರಿಂದ ತಿಳಿಯಬೇಕಾದುದಿಲ್ಲ. ಆ ಗಂಟೆಯಲ್ಲಿ ತಾನು ಎಲ್ಲಿಗೆ ಹೊರಟಿದ್ದೇನೆಂಬುದನ್ನು ಅದಕ್ಕೆ ಯಾರೂ ಹೇಳಿರಲಿಕ್ಕಿಲ್ಲ, ಅಷ್ಟೆ. ಈ ಅಪರಾಧವನ್ನು ಒಂದು ಕಾಲದಲ್ಲಿ ನಾವೂ ಮಾಡಿದವರಾದುದರಿಂದ ಇದರ ವಿಷಯವಾಗಿ ನಾಲ್ಕು ಮಾತು ಬರೆಯಲು ನಮಗೆ ಅಧಿಕಾರವುಂಟು.

ಉಪಾಧ್ಯಾಯರ ತರಬೇತಿಯಲ್ಲಿದ್ದಾಗ ನಾವು ಪ್ರತಿಯೊಂದು ಪಾಠಕ್ಕೂ ಪಾಠಯೋಜನೆಯನ್ನು ಬರೆದು ಒಪ್ಪಿಸಬೇಕಾಗಿತ್ತು. ಮೊದಲಿಗೆ ‘ಉದ್ದೇಶ’, ಅದರ ಕೆಳಗೆ ‘ಪೂರ್ವಜ್ಞಾನ’, ಆಮೇಲೆ ‘ಪೀಠಿಕೆ’. ಪೀಠಿಕೆಯೆಂದರೆ ಒಂದು ಸಣ್ಣ ನಾಟಕವೇ ಸರಿ. ಮಾವಿನಹಣ್ಣೊಂದನ್ನು ಎತ್ತಿಹಿಡಿದು ಇದೇನೆಂದು ಕೇಳುವುದು. ಮಕ್ಕಳು ಒಕ್ಕೊರಲಿನಿಂದ ಕೂಗುವುದು. ಕೊಯ್ದರೆ ಎಷ್ಟು ಹೋಳೆಂದು ಕೇಳುವುದು. ಕೊನೆಗೆ ಯಾರಿಗೂ ಉತ್ತರ ತಿಳಿಯದ ಪ್ರಶ್ನೆಯೊಂದನ್ನು ಹಾಕಿ, ತರಗತಿಯು ಮೌನವಾದೊಡನೆ “ಹಾಗಾದರೆ ಈ ದಿನ ನಾವು ಭಿನ್ನರಾಶಿಗಳನ್ನು ಹೋಲಿಸುವುದನ್ನು ಕಲಿಯೋಣ” ಎಂದು ಸಾರುವುದು. ಹಿಂದಿನ ಬೆಂಚಿನಲ್ಲಿ ಕುಳಿತ ಪರೀಕ್ಷಕರು ತಲೆದೂಗಿ ಅಂಕ ಹಾಕಿಕೊಳ್ಳುವರು. ಹಣ್ಣು ಯಾರ ಪಾಲಾಗುತ್ತಿತ್ತೆಂಬುದನ್ನು ಇಲ್ಲಿ ಬರೆಯುವುದಿಲ್ಲ.

ಆ ದಿನ ನಾವು ‘ಪೂರ್ವಜ್ಞಾನ’ದ ಕೆಳಗೆ “ಮಕ್ಕಳು ಅರ್ಧ, ಕಾಲು, ಮುಕ್ಕಾಲುಗಳನ್ನು ಬಲ್ಲರು” ಎಂದು ಹಿಂದಿನ ರಾತ್ರಿಯೇ ಬರೆದಿಟ್ಟಿದ್ದೆವು. ಮಕ್ಕಳನ್ನು ಮಾತ್ರ ಕೇಳಿರಲಿಲ್ಲ. ತರಗತಿಗೆ ಹೋಗಿ, ಅಚ್ಚೇರು ದೊಡ್ಡದೋ ಪಾವು ದೊಡ್ಡದೋ ಎಂದು ಆರಂಭಿಸಿದೆವು. ೧೯೫೬ರ ತೂಕ-ಅಳತೆಗಳ ಶಾಸನವು ಬಂದ ಬಳಿಕ ಸೇರು ಅಚ್ಚೇರುಗಳು ಅಂಗಡಿಯಿಂದ ಮರೆಯಾಗಿ ಎಷ್ಟೋ ಕಾಲವಾಗಿತ್ತು. ಆ ಮಕ್ಕಳು ಕಿಲೋ ಲೀಟರುಗಳಲ್ಲಿ ಹುಟ್ಟಿ ಬೆಳೆದವರು. ನಮ್ಮ ಪೂರ್ವಜ್ಞಾನವು ಅವರ ಪೂರ್ವಜ್ಞಾನವಾಗಿರಲಿಲ್ಲ. ಅಜ್ಜಿಯ ಅಡಿಗೆಮನೆಯಲ್ಲಿ ಅಕ್ಕಿಯಳೆಯುವ ಪಾವನ್ನು ಕಂಡಿದ್ದ ಹುಡುಗನೊಬ್ಬನು ಮಾತ್ರ ಉತ್ತರ ಕೊಟ್ಟನು. ನಾವು ಅವನೊಬ್ಬನ ಉತ್ತರದಿಂದಲೇ ಸಂತುಷ್ಟರಾಗಿ ಮುಂದೆ ಸಾಗಿದೆವು.

ಬಳಿಕ ಮೂರನೆಯ ಒಂದು ದೊಡ್ಡದೋ ನಾಲ್ಕನೆಯ ಒಂದು ದೊಡ್ಡದೋ ಎಂದು ಕೇಳಲು, ಮುಂದಿನ ಸಾಲಿನ ಹುಡುಗಿಯೊಬ್ಬಳು ನಾಲ್ಕನೆಯ ಒಂದೇ ದೊಡ್ಡದೆಂದಳು. “ತಪ್ಪು” ಎಂದು ಹೇಳಿ ಬೇರೊಬ್ಬರನ್ನು ಕೇಳಿದೆವು. ಆ ಹುಡುಗಿಯು ಅಂದಿನಿಂದ ಗಣಿತದ ಗಂಟೆಯಲ್ಲಿ ಕೈಯೆತ್ತಲಿಲ್ಲ. ಕೆಲವು ತಿಂಗಳ ತರುವಾಯ ಅವಳ ಉತ್ತರಪತ್ರಿಕೆಯನ್ನು ತಿದ್ದುವಾಗ, ಅರ್ಧಕ್ಕೆ ಮೂರನೆಯ ಒಂದನ್ನು ಕೂಡಿಸಿದರೆ ಐದನೆಯ ಎರಡಾಗುತ್ತದೆಂದು ಬರೆದಿದ್ದುದನ್ನು ಕಂಡೆವು. ಮೇಲಿನ ಅಂಕಿಗಳನ್ನು ಮೇಲೆ, ಕೆಳಗಿನವನ್ನು ಕೆಳಗೆ ಕೂಡಿಸಿದ್ದಳು. ಇದು ಅಜ್ಞಾನವಲ್ಲವೆಂಬುದು ಆಗ ನಮಗೆ ಹೊಳೆಯಿತು. ಮೂರಕ್ಕಿಂತ ನಾಲ್ಕು ದೊಡ್ಡದೆಂಬ, ಒಂದನೆಯ ತರಗತಿಯಿಂದ ನಾವುಗಳೇ ಕಲಿಸಿದ ಪಾಠವನ್ನು ಅವಳು ಚೆನ್ನಾಗಿ ಕಲಿತಿದ್ದಳು. ಅದು ಸಲ್ಲದ ಕಡೆಯಲ್ಲಿಯೂ ಅದನ್ನೇ ನಡೆಯಿಸುತ್ತಿದ್ದಳು.

ಪೀಠಿಕೆಯ ಪದ್ಧತಿಯು ನಮ್ಮ ತರಬೇತಿಶಾಲೆಗಳಿಗೆ ಜರ್ಮನಿಯ ಕಡೆಯಿಂದ ಬಂದುದು. ಹೊಸ ಭಾವನೆಯನ್ನು ಮನಸ್ಸು ಹಳೆಯ ಭಾವನೆಗಳ ಮೂಲಕವೇ ಬರಮಾಡಿಕೊಳ್ಳುತ್ತದೆಂದು ತತ್ತ್ವಜ್ಞ ಹೆರ್ಬಾರ್ಟನು (೧೭೭೬–೧೮೪೧) ಪ್ರತಿಪಾದಿಸಿದನು. ಅವನ ಅನುಯಾಯಿಗಳಾದ ಜಿಲ್ಲರ್, ರೈನ್ ಎಂಬವರು ಅದನ್ನು ಪಾಠದ ಐದು ಮೆಟ್ಟಿಲುಗಳಾಗಿ ಏರ್ಪಡಿಸಿದರು, ಮೊದಲನೆಯದೇ ಸಿದ್ಧತೆ. ಆದರೆ ನಮ್ಮ ಶಾಸ್ತ್ರಕಾರರಿಗೂ ಈ ವಿಚಾರವು ಹೊಸತಲ್ಲ. ಗ್ರಂಥಾರಂಭದಲ್ಲಿ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ಅನುಬಂಧಚತುಷ್ಟಯವನ್ನು ಹೇಳತಕ್ಕದ್ದೆಂಬುದು ಅವರ ಸಂಪ್ರದಾಯ. ಇದನ್ನು ಓದಲು ಯಾವ ಸಿದ್ಧತೆಯುಳ್ಳವನು ತಕ್ಕವನು, ಇದರಲ್ಲಿ ಏನಿದೆ, ಓದಿದರೆ ಏನು ಫಲ ಎಂಬುದು ಮೊದಲೇ ಗೊತ್ತಾಗಬೇಕು. ವೇದಾಂತವನ್ನು ಬೋಧಿಸುವವರಿಗೆ ಬೇಕೆನಿಸಿದ್ದು ಭಿನ್ನರಾಶಿಯನ್ನು ಬೋಧಿಸುವವರಿಗೆ ಬೇಡವಾಗಲು ಕಾರಣವಿಲ್ಲ.

ಇತ್ತೀಚಿನ ಮನಃಶಾಸ್ತ್ರಜ್ಞರ ಪರೀಕ್ಷೆಗಳಲ್ಲಿ ಒಂದು ನಮ್ಮ ಗೃಹಿಣಿಯರಿಗೆ ರುಚಿಸಬಹುದು. ೧೯೭೨ರಲ್ಲಿ ಅಮೆರಿಕದ ಬ್ರಾನ್ಸ್‌ಫರ್ಡ್, ಜಾನ್ಸನ್ ಎಂಬವರು ಒಂದು ಗದ್ಯಭಾಗವನ್ನು ಕೆಲವರಿಗೆ ಕೇಳಿಸಿದರು. ವಸ್ತುಗಳನ್ನು ಬೇರೆ ಬೇರೆ ಗುಂಪು ಮಾಡಬೇಕು, ಒಂದೇ ಸಲಕ್ಕೆ ಹೆಚ್ಚು ಮಾಡಬಾರದು, ಎಂಬೀ ರೀತಿಯ ಮಾತುಗಳು. ಪದಗಳೆಲ್ಲ ಸುಲಭ, ಒಟ್ಟರ್ಥ ಮಾತ್ರ ಶೂನ್ಯ. ವಿಷಯವು ಬಟ್ಟೆ ಒಗೆಯುವುದೆಂದು ಮೊದಲೇ ತಿಳಿಸಲ್ಪಟ್ಟವರು ಉಳಿದವರ ಸುಮಾರು ಎರಡರಷ್ಟನ್ನು ನೆನಪಿನಿಂದ ಹೇಳಿದರು. ಗಮನಿಸಬೇಕಾದುದೇನೆಂದರೆ, ಕೇಳಿಸಿದ ಮೇಲೆ ವಿಷಯವನ್ನು ತಿಳಿಸಿದವರಿಗೆ ಅದರಿಂದ ಯಾವ ಉಪಕಾರವೂ ಆಗಲಿಲ್ಲ. ಬಟ್ಟೆ ಒಗೆಯುವುದನ್ನು ಎಲ್ಲರೂ ಬಲ್ಲರು. ಬಲ್ಲದ್ದನ್ನು ತಕ್ಕ ವೇಳೆಗೆ ಎಬ್ಬಿಸದಿದ್ದರೆ ಅದು ಇದ್ದೂ ಇಲ್ಲದಂತೆ.

ಎಬ್ಬಿಸಿದ ಪೂರ್ವಜ್ಞಾನವು ಯಾವಾಗಲೂ ಸರಿಯಾಗಿಯೇ ಇರುವುದೆಂದೂ ನಂಬಬಾರದು. ವೋಸ್ನಿಯಾಡೌ, ಬ್ರೂಅರ್ ಎಂಬ ವಿದ್ವಾಂಸರು ೧೯೯೨ರಲ್ಲಿ ಪ್ರಕಟಿಸಿದ ಪರಿಶೋಧನೆಯಲ್ಲಿ ೬೦ ಮಂದಿ ಶಾಲಾಬಾಲಕರನ್ನು ಭೂಮಿಯ ಆಕಾರದ ವಿಷಯವಾಗಿ ಪ್ರಶ್ನಿಸಿದ್ದರು. ಭೂಮಿಯು ದುಂಡಗಿದೆಯೆಂದು ಹೇಳಿಯೂ, ಕೆಲವರು ಅದನ್ನು ಒಳಗೆ ಪೊಳ್ಳಾದ ಚೆಂಡೆಂದೂ ಜನರು ಅದರೊಳಗಿನ ಸಮನೆಲದಲ್ಲಿ ವಾಸಿಸುವರೆಂದೂ ಭಾವಿಸಿದ್ದರು. ಕಾಲಕೆಳಗಿನ ನೆಲವು ಚಪ್ಪಟೆಯೆಂಬ ಅನುಭವವನ್ನು ಬಿಡದೆ, ಮೇಷ್ಟರ ಮಾತನ್ನೂ ಮೀರದೆ, ಎರಡನ್ನೂ ಸಂಧಿ ಮಾಡಿದ್ದರು! ನಮ್ಮ ಹುಡುಗಿಯ ಐದನೆಯ ಎರಡೂ ಇದೇ ಜಾತಿಯದು.

ಪರೀಕ್ಷೆಯಾದ ಮೇಲೆ ಅವಳನ್ನು ಕರೆದು ಕೂಡಿಸಿಕೊಂಡೆವು. ಒಂದೇ ಉದ್ದದ ಎರಡು ಕಾಗದದ ಪಟ್ಟಿಗಳನ್ನು ಕೊಟ್ಟು, ಒಂದನ್ನು ಮೂರಾಗಿಯೂ ಇನ್ನೊಂದನ್ನು ನಾಲ್ಕಾಗಿಯೂ ಮಡಿಸಿದರೆ ಯಾವುದರ ಮಡಿಕೆ ದೊಡ್ಡದಾದೀತೆಂದು ಮಡಿಸುವುದಕ್ಕೆ ಮೊದಲೇ ಕೇಳಿದೆವು. ನಾಲ್ಕರದೆಂದಳು. ಈ ಸಲ ತಪ್ಪೆನ್ನಲಿಲ್ಲ. ಮಡಿಸಿ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಬ್ಬದ ದಿನ ನೆಂಟರು ಬಂದರೆ ಹೋಳಿಗೆ ಚೂರುಚೂರೇ ಬರುತ್ತೆ ಮೇಷ್ಟ್ರೇ, ಹಾಗೇನಾ ಇದು?” ಎಂದಳು. ಬೇಕಾದ ಪೂರ್ವಜ್ಞಾನವು ಅವಳ ಮನೆಯಲ್ಲಿಯೇ ಇದ್ದಿತು. ನಾವು ಅಚ್ಚೇರನ್ನು ಹುಡುಕಿಕೊಂಡು ಹೋಗಿದ್ದೆವು.

ಉದ್ದೇಶದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. “ಭಿನ್ನರಾಶಿಯನ್ನು ತಿಳಿಯುವುದು” ಎಂಬುದು ಉದ್ದೇಶವಲ್ಲ; ತಿಳಿಯಿತೋ ಇಲ್ಲವೋ ಎಂಬುದನ್ನು ಯಾರೂ ಕಾಣಲಾರರು. “ಎರಡು ಭಿನ್ನರಾಶಿಗಳಲ್ಲಿ ದೊಡ್ಡದನ್ನು ಚಿತ್ರ ಬರೆದು ತೋರಿಸುವುದು” ಎಂದರೆ ಉಪಾಧ್ಯಾಯನಿಗೂ ಮಗುವಿಗೂ ಕಣ್ಣಿಗೆ ಕಾಣುವ ಗುರಿಯಾಯಿತು. ಮೇಗರ್ ಎಂಬ ಅಮೆರಿಕನ್ನನು ೧೯೬೨ರಲ್ಲಿ ಇಷ್ಟನ್ನು ಹೇಳಲು ಒಂದು ಪುಸ್ತಕವನ್ನೇ ಬರೆದನು.

ಮನೆಯಲ್ಲಿ ಪಾಠ ಹೇಳಿಕೊಡುವ ತಂದೆತಾಯಿಗಳು ಪುಸ್ತಕವನ್ನು ತೆರೆಯುವುದಕ್ಕೆ ಮುಂಚೆ ಐದು ನಿಮಿಷವನ್ನು ಇದಕ್ಕೆ ವೆಚ್ಚ ಮಾಡಬಹುದು. ಇದರ ವಿಷಯವಾಗಿ ನಿನಗೇನು ಗೊತ್ತು ಎಂದು ಕೇಳಿ, ಉತ್ತರವನ್ನು ತಿದ್ದದೆ ಪೂರ್ತಿಯಾಗಿ ಕೇಳಿಸಿಕೊಳ್ಳುವುದು. ಬಳಿಕ ಈ ಹೊತ್ತು ಯಾವುದನ್ನು ಮಾಡಲು ಬಂದರೆ ಸಾಕೆಂಬುದನ್ನು ಒಂದೇ ವಾಕ್ಯದಲ್ಲಿ ಹೇಳುವುದು. ಕಥೆಯನ್ನೋದುವಾಗ ಮಾತ್ರ ಈ ನಿಯಮವನ್ನು ಸಡಿಲಿಸಬೇಕು. ಕಥೆಯ ಕೊನೆಯನ್ನು ಮೊದಲೇ ಹೇಳುವ ತಂದೆಯ ಬಳಿಗೆ ಮಕ್ಕಳು ಎರಡನೆಯ ಸಲ ಬರುವುದಿಲ್ಲ. ವಿಜ್ಞಾನದಲ್ಲಿಯೂ ಕೆಲವೊಮ್ಮೆ ಹಾಗೆಯೇ. ಆಲೂಗಡ್ಡೆಯೊಂದನ್ನು ಬರಿಯ ನೀರಿನಲ್ಲಿಯೂ, ಬಹಳ ಉಪ್ಪು ಕರಗಿಸಿದ ನೀರಿನಲ್ಲಿಯೂ ಬಿಟ್ಟರೆ ಏನಾದೀತೆಂದು ಮಗುವು ಮೊದಲು ಊಹಿಸಲಿ. ಒಂದರಲ್ಲಿ ಮುಳುಗಿದ್ದು ಇನ್ನೊಂದರಲ್ಲಿ ತೇಲಿದ ಮೇಲೆ, ಏನನ್ನು ಕಲಿಯಬೇಕಾಗಿದೆಯೆಂಬುದನ್ನು ಅದೇ ಕೇಳುವುದು.