ಗಡಸು ನೀರಿನ ಕಲೆಯೂ ಆ್ಯಸಿಡ್ ಬಾಟಲಿಯೂ

ಕೆಲವು ವಿಷಯಗಳನ್ನು ಕುರಿತು ಪತ್ರಿಕೆಯಲ್ಲಿ ಬರೆಯುವುದಕ್ಕೇ ನಮಗೆ ಸಂಕೋಚ. ಶೌಚಾಲಯದ ಕಮೋಡಿನಲ್ಲಿ, ನೀರು ನಿಲ್ಲುವ ಮಟ್ಟಕ್ಕೆ ಸರಿಯಾಗಿ ಉಂಗುರದಂತೆ ಕಟ್ಟಿಕೊಳ್ಳುವ ಹಳದಿ-ಕಂದು ಕಲೆ ಅಂಥದೊಂದು ವಿಷಯ. ನೆಂಟರು ಬರುವ ಮುನ್ನಾದಿನ ಮಾತ್ರ ಅದು ನಮ್ಮ ಕಣ್ಣಿಗೆ ಬೀಳುತ್ತದೆ. ಉಳಿದ ದಿನಗಳಲ್ಲಿ ಅದು ಮನೆಗೆಲಸಕ್ಕೆ ಬರುವ ಹೆಣ್ಣುಮಗಳ ಪಾಲಿನ ಸಮಸ್ಯೆ. ಆದರೂ ಈ ಕಲೆಯ ಬಗ್ಗೆ ಗಂಭೀರವಾಗಿ ಮಾತನಾಡಬೇಕಾದ ಕಾಲ ಬಂದಿದೆ ಎಂದು ನಾನು ಭಾವಿಸುತ್ತೇನೆ. ಏಕೆಂದರೆ ನಮ್ಮ ಎಷ್ಟೋ ಮನೆಗಳೊಳಕ್ಕೆ ಆ್ಯಸಿಡ್ ಬಾಟಲಿ ಕಾಲಿಡುವುದು ಇದೇ ನೆಪದಲ್ಲಿ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ಈ ಕಲೆ ಕೊಳಕಿನಿಂದ ಆದದ್ದಲ್ಲ, ಅದು ಮನೆಯೊಡತಿಯ ಅಥವಾ ಕೆಲಸದಾಕೆಯ ಸೋಮಾರಿತನದ ಗುರುತೂ ಅಲ್ಲ. ಮಳೆಯ ನೀರು ಮಣ್ಣಿನ ಮೂಲಕ ಇಳಿಯುವಾಗ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ತುಸು ಆಮ್ಲೀಯವಾಗುತ್ತದೆ. ಆ ನೀರು ಕಲ್ಲಿನ ಸಂದುಗಳಲ್ಲಿ ವರ್ಷಗಟ್ಟಲೆ ತಂಗಿದಾಗ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಅದರಲ್ಲಿ ಕರಗುತ್ತವೆ. ಇದೇ ಗಡಸು ನೀರು. ಬೇಳೆ ಬೇಯದ, ಸೋಪು ನೊರೆ ಕೊಡದ ಈ ನೀರನ್ನು ನಮ್ಮ ಹಿರಿಯರು ನಾಲಿಗೆಯಲ್ಲೇ ಗುರುತಿಸಿ ‘ಉಪ್ಪುನೀರು’ ಎನ್ನುತ್ತಿದ್ದರು. ಈ ನೀರು ಕಾದಾಗ ಅಥವಾ ಆವಿಯಾದಾಗ, ಕರಗಿದ್ದ ಬೈಕಾರ್ಬೊನೇಟ್ ಮತ್ತೆ ಕರಗದ ಕಾರ್ಬೊನೇಟ್ ಆಗಿ ತಳಕ್ಕೆ ಅಂಟಿಕೊಳ್ಳುತ್ತದೆ. ಗೀಸರಿನ ಸುರುಳಿಯ ಮೇಲೆ, ಷವರಿನ ರಂಧ್ರಗಳಲ್ಲಿ, ಕಮೋಡಿನ ಉಂಗುರದಲ್ಲಿ ಕಾಣುವುದೆಲ್ಲ ಒಂದೇ ವಸ್ತು: ಸುಣ್ಣದ ಕಲ್ಲು. ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಅದಕ್ಕೆ ತುಕ್ಕಿನ ಬಣ್ಣ ಸೇರುತ್ತದೆ; ಮೂತ್ರದಲ್ಲಿರುವ ಫಾಸ್ಫೇಟ್ ಸೇರಿದರೆ ಪದರ ಇನ್ನಷ್ಟು ಗಟ್ಟಿಯಾಗುತ್ತದೆ.

ಪ್ರಮಾಣದ ಲೆಕ್ಕ ಹಾಕಿದರೆ ಅಚ್ಚರಿಯಾಗುತ್ತದೆ. ಕುಡಿಯುವ ನೀರಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 10500ರ 2012ರ ಆವೃತ್ತಿಯ ಪ್ರಕಾರ ಲೀಟರಿಗೆ 200 ಮಿಲಿಗ್ರಾಂವರೆಗಿನ ಗಡಸುತನ ಸ್ವೀಕಾರಾರ್ಹ. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು. ನಾಲ್ಕು ಜನರ ಮನೆಯಲ್ಲಿ ಶೌಚಾಲಯಕ್ಕೆ ದಿನಕ್ಕೆ 200 ಲೀಟರ್ ಖರ್ಚಾಗುತ್ತದೆ ಎಂದಿಟ್ಟುಕೊಳ್ಳಿ. ನೀರಿನ ಗಡಸುತನ 600 ಇದ್ದರೆ ದಿನಕ್ಕೆ 120 ಗ್ರಾಂ, ವರ್ಷಕ್ಕೆ 40 ಕಿಲೋಗ್ರಾಂ ಮೀರಿದ ಸುಣ್ಣದಂಶ ಆ ಒಂದು ಬಟ್ಟಲನ್ನು ಹಾದು ಹೋಗುತ್ತದೆ. ಅದರಲ್ಲಿ ಚಿಟಿಕೆಯಷ್ಟು ಅಲ್ಲೇ ಉಳಿದರೆ ಆಶ್ಚರ್ಯವೇನು?

ಆಶ್ಚರ್ಯಪಡಬೇಕಾದದ್ದು ಅದನ್ನು ತೆಗೆಯಲು ನಾವು ಹಿಡಿದಿರುವ ದಾರಿಯ ಬಗ್ಗೆ. ನಾನು ವಾಸಿಸುವ ಬಡಾವಣೆಗೆ ವಾರದಲ್ಲಿ ಎರಡು ದಿನ ಕಾವೇರಿ, ಉಳಿದ ದಿನ ಕೊಳವೆಬಾವಿ. ಇಲ್ಲಿ ನಾಲ್ಕಾರು ಮನೆಗಳ ಶೌಚಾಲಯ ತೊಳೆಯುವ ಮಹಿಳೆಯೊಬ್ಬರ ಅಂಗೈ ಚರ್ಮ ಸುಲಿದಿರುವುದನ್ನು ಕಂಡು ಒಮ್ಮೆ ವಿಚಾರಿಸಿದೆ. ಲೇಬಲ್ ಇಲ್ಲದ ಬಾಟಲಿಯಲ್ಲಿ ಬರುವ ‘ಟಾಯ್ಲೆಟ್ ಆ್ಯಸಿಡ್’ ಸುರಿದು, ಹೊಗೆ ಏಳುವಾಗ ಸೆರಗನ್ನು ಮೂಗಿಗೆ ಒತ್ತಿ ಹಿಡಿದು ಉಜ್ಜುತ್ತಾರಂತೆ. ‘ಬೆಳ್ಳಗೆ ಆಗದಿದ್ರೆ ಅಮ್ಮಾವ್ರು ಬಯ್ತಾರೆ, ಸಾರ್’ ಎಂದರು. ಮನೆಗಳವರು ಕ್ರೂರಿಗಳೇನಲ್ಲ, ಹಬ್ಬಕ್ಕೆ ಸೀರೆ ಕೊಡುವವರು, ಮಕ್ಕಳ ಶಾಲಾ ಶುಲ್ಕಕ್ಕೆ ನೆರವಾಗುವವರು. ಕಿಟಕಿ ಎಂಬ ಹೆಸರಿನ ಸಣ್ಣ ಕಿಂಡಿಯಷ್ಟೇ ಇರುವ ನಾಲ್ಕಡಿ ಅಗಲದ ಕೋಣೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಆವಿ ಶ್ವಾಸಕೋಶಕ್ಕೆ ಏನು ಮಾಡುತ್ತದೆ ಎಂದು ಅವರು ಯೋಚಿಸಿಲ್ಲ, ಅಷ್ಟೆ. ಆ ಕೋಣೆಯಲ್ಲಿ ಅರ್ಧ ಗಂಟೆ ಇರುವವರು ತಾವಲ್ಲವಲ್ಲ.

ಕಾನೂನು ಈ ಬಗ್ಗೆ ಸುಮ್ಮನಿಲ್ಲ. ಆ್ಯಸಿಡ್ ದಾಳಿಗೆ ತುತ್ತಾದ ಲಕ್ಷ್ಮಿಯವರು ಸಲ್ಲಿಸಿದ್ದ ಅರ್ಜಿಯ ವಿಚಾರಣೆ ನಡೆಸಿದ ಸುಪ್ರೀಂ ಕೋರ್ಟ್ 2013ರ ಜುಲೈನಲ್ಲಿ ಚಿಲ್ಲರೆ ಮಾರಾಟದ ಮೇಲೆ ನಿರ್ಬಂಧ ಹೇರಿತು. ಕೊಳ್ಳುವವರು ಭಾವಚಿತ್ರವಿರುವ ಗುರುತಿನ ಚೀಟಿ ತೋರಿಸಬೇಕು, ಉದ್ದೇಶ ತಿಳಿಸಬೇಕು. ಮಾರುವವರು ದಾಖಲೆ ಇಡಬೇಕು. 18 ವರ್ಷದೊಳಗಿನವರಿಗೆ ಮಾರುವಂತಿಲ್ಲ. ಎಷ್ಟು ಹೆಣ್ಣುಮಕ್ಕಳ ಮುಖ, ಕಣ್ಣು, ಬದುಕು ಸುಟ್ಟ ಮೇಲೆ ಬಂದ ಆದೇಶವಿದು! ಆದರೆ ಬೇಡಿಕೆ ಇರುವವರೆಗೆ ಸರಕು ಹೇಗೋ ಸಿಗುತ್ತದೆ. ಆ ಬೇಡಿಕೆಯ ಒಂದು ಪಾಲು ಹುಟ್ಟುವುದು ನಮ್ಮ ಸ್ನಾನದ ಮನೆಗಳಲ್ಲೇ ಎಂಬುದನ್ನು ಒಪ್ಪಿಕೊಳ್ಳದೆ ಮಾರುವವನೊಬ್ಬನನ್ನೇ ದೂರುವುದು ನ್ಯಾಯವಲ್ಲ.

ಅಂಗಡಿಗಳಲ್ಲಿ ಸಿಗುವ ಹೆಸರಾಂತ ಕಂಪನಿಗಳ ದ್ರಾವಣಗಳಲ್ಲಿಯೂ ಶೇ 10ರ ಆಸುಪಾಸು ಇದೇ ಆಮ್ಲವಿರುತ್ತದೆ. ಲೇಬಲ್ ಓದಿ, ಕೈಗವಸು ತೊಟ್ಟು ಬಳಸಿದರೆ ಅಪಾಯ ಕಡಿಮೆ. ಆದರೆ ಅದರೊಂದಿಗೆ ಬ್ಲೀಚಿಂಗ್ ಪುಡಿಯನ್ನೋ ದ್ರವರೂಪದ ಬ್ಲೀಚನ್ನೋ ಎಂದೂ ಬೆರೆಸಬಾರದು. ‘ಎರಡೂ ಹಾಕಿದರೆ ಇನ್ನೂ ಬೆಳ್ಳಗಾಗುತ್ತದೆ’ ಎಂಬ ನಂಬಿಕೆ ಪ್ರಾಣಾಂತಿಕ. ಆಮ್ಲ ಮತ್ತು ಬ್ಲೀಚ್ ಕೂಡಿದರೆ ಹೊಮ್ಮುವುದು ಕ್ಲೋರಿನ್ ಅನಿಲ. ಮೊದಲ ಮಹಾಯುದ್ಧದಲ್ಲಿ 1915ರಲ್ಲಿ ಸೈನಿಕರ ಮೇಲೆ ಪ್ರಯೋಗವಾದ ಅದೇ ವಿಷಾನಿಲ. ಮೇಲಾಗಿ ಬ್ಲೀಚ್ ಸುಣ್ಣವನ್ನು ಕರಗಿಸುವುದೇ ಇಲ್ಲ. ಅದು ಬಣ್ಣವನ್ನು ಮಾತ್ರ ಅಳಿಸುತ್ತದೆ. ಕಬ್ಬಿಣದ ಕಲೆಯನ್ನಂತೂ ಇನ್ನಷ್ಟು ಗಾಢವಾಗಿಸುತ್ತದೆ.

ಹಾಗಾದರೆ ಉಪಾಯವೇನು? ಉತ್ತರ ದಿನಸಿ ಅಂಗಡಿಯಲ್ಲೇ ಇದೆ. ನಿಂಬೆ ಉಪ್ಪು ಎಂದು ನಾವು ಕರೆಯುವ ಸಿಟ್ರಿಕ್ ಆಮ್ಲದ ಹರಳು ಸುಣ್ಣವನ್ನು ಕರಗಿಸುತ್ತದೆ, ಕಬ್ಬಿಣವನ್ನೂ ಹಿಡಿದು ಬಿಡಿಸುತ್ತದೆ, ಹೊಗೆ ಏಳಿಸುವುದಿಲ್ಲ. ರಾತ್ರಿ ಮಲಗುವ ಮುನ್ನ ಕಮೋಡಿನಲ್ಲಿ ನಿಂತ ನೀರನ್ನು ಬ್ರಷ್‌ನಿಂದ ಒಳಕ್ಕೆ ನೂಕಿ, ಮಟ್ಟ ಇಳಿಸಿಕೊಳ್ಳಬೇಕು. ಇಲ್ಲವಾದರೆ ಆಮ್ಲ ತೆಳುವಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಸುಮಾರು 100 ಗ್ರಾಂ ನಿಂಬೆ ಉಪ್ಪನ್ನು ಅರ್ಧ ಲೀಟರ್ ಬೆಚ್ಚಗಿನ ನೀರಿನಲ್ಲಿ ಕರಗಿಸಿ ಕಲೆಯ ಮೇಲೆ ಸುರಿಯಬೇಕು. ಕುದಿಯುವ ನೀರು ಬೇಡ, ಪಿಂಗಾಣಿ ಬಿರುಕು ಬಿಡಬಹುದು. ದ್ರಾವಣ ನಿಲ್ಲದ ಇಳಿಜಾರಿನ ಭಾಗಕ್ಕೆ ಹಳೆಯ ಹತ್ತಿಬಟ್ಟೆಯನ್ನು ಅದರಲ್ಲೇ ಅದ್ದಿ ಅಂಟಿಸಬೇಕು. ಬೆಳಿಗ್ಗೆ ಬಟ್ಟೆ ತೆಗೆದು, ನೈಲಾನ್ ಬ್ರಷ್‌ನಿಂದ ಉಜ್ಜಿ ನೀರು ಬಿಟ್ಟರೆ ಪದರ ಸಡಿಲವಾಗಿ ಹೊರಡುತ್ತದೆ. ವರ್ಷಗಳ ಕಲೆಯಾದರೆ ಮೂರು-ನಾಲ್ಕು ರಾತ್ರಿ ಬೇಕಾದೀತು. ಆನಂತರ ವಾರಕ್ಕೊಮ್ಮೆ ಎರಡು ಚಮಚೆ ಹಾಕಿದರೆ ಉಂಗುರ ಮತ್ತೆ ಕಟ್ಟುವುದಿಲ್ಲ. ಈ ಹರಳು ಕಣ್ಣಿಗೆ ಬಿದ್ದರೆ ಉರಿಯುತ್ತದೆ, ಆದ್ದರಿಂದ ಇಲ್ಲಿಯೂ ಕೈಗವಸು ಬೇಕು.

ಅಡುಗೆ ಸೋಡಾ ಮತ್ತು ವಿನೆಗರ್ ಬೆರೆಸಿ ಬುರುಗು ಎಬ್ಬಿಸುವುದು ನೋಡಲು ಚೆಂದ. ಆದರೆ ಒಂದು ಆಮ್ಲ, ಇನ್ನೊಂದು ಕ್ಷಾರ. ಅವು ಪರಸ್ಪರ ಕೊಂದುಕೊಂಡು ಉಳಿಯುವುದು ನಿರುಪಯುಕ್ತ ಉಪ್ಪುನೀರು. ವಿನೆಗರ್ ಒಂದನ್ನೇ ಬಳಸುವುದು ಮೇಲು. ಸ್ಟೀಲ್ ನಾರು, ಮರಳುಕಾಗದಗಳು ಪಿಂಗಾಣಿಯ ಹೊಳಪುಪದರವನ್ನು ಗೀರುತ್ತವೆ. ಆ ಗೀರುಗಳಲ್ಲೇ ಮರುದಿನದಿಂದ ಸುಣ್ಣ ನೆಲೆಯೂರುತ್ತದೆ. ಒಟ್ಟಿನಲ್ಲಿ ಈ ಕೆಲಸಕ್ಕೆ ಬೇಕಾದದ್ದು ತೋಳ್ಬಲಕ್ಕಿಂತ ಹೆಚ್ಚಾಗಿ ಸಮಯ. ಗಂಟೆಗೆ ಒಂದು ಮನೆ ಮುಗಿಸಬೇಕಾದ ಕೆಲಸದಾಕೆಗೆ ಇಲ್ಲದಿರುವುದೂ ಅದೇ. ರಾತ್ರಿ ದ್ರಾವಣ ಸುರಿದಿಡುವ ಐದು ನಿಮಿಷದ ಕೆಲಸ ಮನೆಯವರದೇ ಆಗಬೇಕು. ಅದರಿಂದ ಯಾರ ಘನತೆಗೂ ಕುಂದಿಲ್ಲ.

ಇಷ್ಟಾದರೂ ಇದು ಕಲೆಗೆ ಮಾಡುವ ಚಿಕಿತ್ಸೆಯೇ ಹೊರತು ನೀರಿಗಲ್ಲ. ಮಲೆನಾಡು, ಕರಾವಳಿಯ ತೆರೆದ ಬಾವಿಗಳ ನೀರು ಸಾಮಾನ್ಯವಾಗಿ ಮೃದು. ಅಲ್ಲಿ ಕಾಡುವುದು ಜಂಬಿಟ್ಟಿಗೆ ಮಣ್ಣಿನ ಕಬ್ಬಿಣ. ಬಯಲುಸೀಮೆಯಲ್ಲಿ ಕೊಳವೆಬಾವಿ ಆಳಕ್ಕಿಳಿದಂತೆ, ಬಹುಕಾಲ ಬಂಡೆಯೊಡನೆ ಒಡನಾಡಿದ ನೀರು ಮೇಲೆ ಬರುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳ ಪೈಕಿ ಅರ್ಧದಷ್ಟು ಬತ್ತಿವೆ ಎಂದು ಸರ್ಕಾರವೇ ಹೇಳಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ, ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ನದಿನೀರು ತಲುಪುವ ಹಾದಿ ತೆರೆಯಿತು. ಆದರೆ ಕಾವೇರಿಯನ್ನೇ ಎಲ್ಲ ಕಮೋಡುಗಳಿಗೂ ಹರಿಸುವುದು ವಿವೇಕವಲ್ಲ. ಅಪಾರ್ಟ್‌ಮೆಂಟುಗಳು ನೆಚ್ಚಿರುವ ಮೃದುಕಾರಕ ಯಂತ್ರಗಳು ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತವೆ. ಅವುಗಳನ್ನು ತೊಳೆಯಲು ಸುರಿಯುವ ಮೂಟೆ ಮೂಟೆ ಉಪ್ಪು ಕೊನೆಗೆ ಚರಂಡಿಗೆ, ಕೆರೆಗೆ.

ಉಚಿತವಾಗಿ ಸಿಗುವ ಮೃದು ನೀರೆಂದರೆ ಮಳೆಯದು. ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ವರ್ಷಕ್ಕೆ 900 ಮಿ.ಮೀ. ಮಳೆಯೆಂದರೂ 100 ಚದರ ಮೀಟರ್ ತಾರಸಿಗೆ 90 ಸಾವಿರ ಲೀಟರ್. ಮಳೆನೀರು ಸಂಗ್ರಹವನ್ನು ಬೆಂಗಳೂರಿನಲ್ಲಿ 2009ರಲ್ಲೇ ಕಡ್ಡಾಯ ಮಾಡಲಾಗಿದೆ. ದಂಡ ತಪ್ಪಿಸಿಕೊಳ್ಳಲು ತೋರಿಕೆಗೆ ಒಂದು ಪೈಪು ಇಳಿಬಿಟ್ಟವರೇ ನಮ್ಮಲ್ಲಿ ಹೆಚ್ಚು.

ನಿವಾಸಿಗಳ ಸಂಘಗಳು ಮುಂದಿನ ಸಭೆಯಲ್ಲಿ, ವಾಹನ ನಿಲುಗಡೆಯ ಜಗಳ ಮುಗಿದ ಮೇಲಾದರೂ, ಮೂರು ನಿರ್ಣಯ ಕೈಗೊಳ್ಳಬಹುದು. ಕೊಳವೆಬಾವಿ ನೀರಿನ ಗಡಸುತನವನ್ನು ವರ್ಷಕ್ಕೆರಡು ಬಾರಿ ಪರೀಕ್ಷಿಸಿ ಸೂಚನಾ ಫಲಕದಲ್ಲಿ ಹಾಕುವುದು. ಸಡಿಲ ಆ್ಯಸಿಡ್ ಆವರಣದೊಳಕ್ಕೆ ಬಾರದಂತೆ ತಡೆಯುವುದು. ತೊಳೆಯುವವರಿಗೆ ಕೈಗವಸು ಮತ್ತು ನಿಂಬೆ ಉಪ್ಪನ್ನು ಸಂಘದ ಖರ್ಚಿನಲ್ಲೇ ಒದಗಿಸುವುದು. ಒಂದು ಕಿಲೋ ನಿಂಬೆ ಉಪ್ಪಿನ ಬೆಲೆ, ಆ ಹೆಣ್ಣುಮಗಳು ಕೆಮ್ಮಿಗೆಂದು ಒಮ್ಮೆ ಡಾಕ್ಟರ ಬಳಿ ಹೋಗಿ ಬರುವ ಖರ್ಚಿಗಿಂತ ಹೆಚ್ಚೇನಲ್ಲ.