ಹೆಣ್ಣಿಗೆ ಅರವತ್ತಾರು, ಗಂಡಿಗೆ ಅರವತ್ತೈದು

ದಕ್ಷಿಣ ಅಮೆರಿಕದ ಅಮೆಜಾನ್, ಒರಿನೋಕೊ, ಪರಾನಾ ಮೊದಲಾದ ಮಹಾನದಿಗಳ ತಳದ ಮರಳಿನಲ್ಲಿ ತಟ್ಟೆಯಂತೆ ಚಪ್ಪಟೆಯಾದ ಒಂದು ಬಗೆಯ ಮೀನು ಮೈಮರೆಸಿಕೊಂಡು ಬಿದ್ದಿರುತ್ತದೆ. ಅದರ ಬಾಲದ ಮೇಲೆ ಗರಗಸದಂತೆ ಹಲ್ಲುಗಳುಳ್ಳ ವಿಷದ ಮುಳ್ಳೊಂದುಂಟು. ಅರಿಯದೆ ಮೆಟ್ಟಿದವನು ಆ ನೋವನ್ನು ಮರೆಯಲಾರ. ನಮ್ಮ ಕರಾವಳಿಯವರು ತೊರಕೆಯೆಂದು ಕರೆಯುವ ಕಡಲ ಮೀನಿನ ದೂರದ ಬಂಧು ಇದು. ಶಾರ್ಕಿನಂತೆ ಇದರ ಅಸ್ಥಿಪಂಜರವೂ ಮೃದ್ವಸ್ಥಿಯಿಂದಲೇ ಆದುದು. ತೊರಕೆಗಳಲ್ಲಿ ಬಹುಪಾಲು ಸಮುದ್ರವಾಸಿಗಳು. ಪೊಟಮೊಟ್ರೈಗಾನ್ ಮತ್ತು ಅದರ ಹತ್ತಿರದ ಕುಲಗಳಾದರೋ ಕಡಲನ್ನು ಪೂರ್ಣವಾಗಿ ತೊರೆದು ನದಿಗಳಲ್ಲಿಯೇ ನೆಲೆನಿಂತಿವೆ.

ಭೌತವಿಜ್ಞಾನದ ಪಾಠ ಹೇಳುವ ನಮಗೆ ಈ ಮೀನಿನ ಪರಿಚಯವಾದುದು ಆಸ್ಮಾಟಿಕ್ ಒತ್ತಡಕ್ಕೆ ಒಂದು ಉದಾಹರಣೆಯನ್ನು ಹುಡುಕುತ್ತಿದ್ದಾಗ. ಕಡಲ ತೊರಕೆಯು ತನ್ನ ರಕ್ತದಲ್ಲಿ ಯೂರಿಯಾವನ್ನು ಧಾರಾಳವಾಗಿ, ನೂರು ಮಿಲಿಲೀಟರಿಗೆ ಸುಮಾರು 2 ಗ್ರಾಮಿನಷ್ಟು, ಉಳಿಸಿಕೊಂಡು ಹೊರಗಿನ ಉಪ್ಪುನೀರಿನ ಒತ್ತಡವನ್ನು ಸರಿದೂಗಿಸುತ್ತದೆ. ಇಷ್ಟು ಯೂರಿಯಾ ನಮ್ಮ ರಕ್ತದಲ್ಲಿದ್ದರೆ ನಾವು ಬದುಕಲಾರೆವು. ನದಿಯ ತೊರಕೆಯ ರಕ್ತದಲ್ಲಿ ಯೂರಿಯಾ ಅತ್ಯಲ್ಪವೆಂದು ಥಾರ್ಸನ್ ಮತ್ತು ಆತನ ಸಂಗಡಿಗರು 1967ರಲ್ಲಿ ತೋರಿಸಿದರು. ಉಪ್ಪುನೀರಿಗೆ ಬಿಟ್ಟರೂ ಅದು ಕಡಲ ಬಂಧುವಿನಂತೆ ಯೂರಿಯಾವನ್ನು ಕೂಡಿಸಿಕೊಳ್ಳಲಾರದು. ಹಿಂದಿರುಗುವ ದಾರಿಯನ್ನೇ ಅದು ಕಳೆದುಕೊಂಡಿದೆ. ಇವುಗಳ ಪೂರ್ವಜರು ಹಲವು ಕೋಟಿ ವರ್ಷಗಳ ಹಿಂದೆ, ಸಮುದ್ರವು ಖಂಡದ ಒಳಭಾಗಕ್ಕೆ ನುಗ್ಗಿದ ಕಾಲದಲ್ಲಿ, ಅದರೊಡನೆ ಒಳಬಂದು, ಅದು ಹಿಂಜರಿದಾಗ ಅಲ್ಲಿಯೇ ಉಳಿದುವೆಂದು ಅನೇಕ ವಿಜ್ಞಾನಿಗಳ ಅಭಿಪ್ರಾಯ. ಅದು ನಡೆದ ಕಾಲದ ವಿಷಯದಲ್ಲಿ ಮಾತ್ರ ಅವರಲ್ಲಿ ಒಮ್ಮತವಿಲ್ಲ.

ಹೀಗೆ ಬೇರಾದ ಜೀವಿಯ ವಂಶಚರಿತ್ರೆಯು ಅದರ ಕೋಶಗಳೊಳಗೆ ಯಾವ ಗುರುತನ್ನು ಬಿಟ್ಟಿದೆ? ಇದನ್ನು ತಿಳಿಯಲು ವರ್ಣತಂತುಗಳನ್ನು ಎಣಿಸಬೇಕು. ಒಡೆಯುತ್ತಿರುವ ಜೀವಕೋಶವನ್ನು ಕಾಲ್ಚಿಸಿನ್ ಎಂಬ ಔಷಧದಿಂದ ಅರ್ಧದಲ್ಲಿಯೇ ತಡೆದು, ಲವಣ ಕಡಿಮೆಯಿರುವ ದ್ರಾವಣದಲ್ಲಿ ಉಬ್ಬಿಸಿ, ಗಾಜಿನ ಮೇಲೆ ಹರಡಿ, ಬಣ್ಣ ಕಟ್ಟಿದರೆ ಕಡ್ಡಿಯ ಚೂರುಗಳಂತೆ ವರ್ಣತಂತುಗಳು ಸೂಕ್ಷ್ಮದರ್ಶಕದಲ್ಲಿ ಕಾಣುವುವು. ಹೇಳುವಷ್ಟು ಸುಲಭದ ಕೆಲಸವಲ್ಲ ಇದು. ಮನುಷ್ಯನಲ್ಲಿ 48 ವರ್ಣತಂತುಗಳಿವೆಯೆಂದು ಮೂವತ್ತು ವರ್ಷಗಳಿಗೂ ಮಿಕ್ಕಿ ಜಗತ್ತು ನಂಬಿತ್ತು. 46 ಮಾತ್ರವೆಂದು ಟಿಯೋ ಮತ್ತು ಲೆವಾನ್ ತೋರಿಸಿಕೊಟ್ಟುದು 1956ರಲ್ಲಿ.

ಆದುದರಿಂದ ಪರಾನಾ ನದಿಯ ಮೇಲ್ಭಾಗದ ಎರಡು ತೊರಕೆಗಳಲ್ಲಿ ಹೆಣ್ಣಿಗೆ 66 ವರ್ಣತಂತುಗಳು, ಗಂಡಿಗೆ 65 ಎಂದು ಬ್ರೆಜಿಲಿನ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದುದನ್ನು ಓದಿದಾಗ, ಎಣಿಕೆಯಲ್ಲಿ ಒಂದು ತಪ್ಪಿಹೋಗಿರಬೇಕೆಂದು ನಮಗೆ ಮೊದಲು ತೋರಿತು. ವರ್ಣತಂತುಗಳು ಜೋಡಿಜೋಡಿಯಾಗಿರುವುದು ನಿಯಮ. ಬೆಸಸಂಖ್ಯೆ ಬರುವುದಾದರೂ ಹೇಗೆ?

ಆ ಒಂದು ಕಳೆದುಹೋಗಿಲ್ಲ, ಇನ್ನೊಂದರೊಡನೆ ಅಂಟಿಕೊಂಡಿದೆ. ಮೊದಲು ಗಂಡಿನಲ್ಲಿ ಮನುಷ್ಯರಲ್ಲಿರುವಂತೆ ಎಕ್ಸ್ ಮತ್ತು ವೈ ಎಂಬ ಲಿಂಗತಂತುಗಳಿದ್ದುವೆಂದು ಭಾವಿಸೋಣ. ಒಮ್ಮೆ ಬೇರೊಂದು ಸಾಮಾನ್ಯ ಜೋಡಿಯ ಒಂದು ತಂತುವು ವೈ ತಂತುವಿನೊಡನೆ ಬೆಸೆದುಕೊಂಡಿತು. ಆ ಜೋಡಿಯ ಇನ್ನೊಂದು ತಂತುವು ಒಂಟಿಯಾಗಿ ಉಳಿಯಿತು. ಗಂಡಿನಲ್ಲಿ ಈಗ ದೊಡ್ಡದಾದ ಒಂದು ವೈ, ಹಳೆಯ ಎಕ್ಸ್, ಮತ್ತು ಆ ಒಂಟಿ ತಂತು, ಹೀಗೆ ಮೂರು. ಒಂಟಿ ತಂತುವನ್ನು ಎರಡನೆಯ ಎಕ್ಸ್ ಎಂದು ಕರೆಯುವರು. ಹೆಣ್ಣಿನಲ್ಲಿ ವೈ ಇಲ್ಲದುದರಿಂದ ಬೆಸುಗೆಯೂ ಇಲ್ಲ. ಎರಡು ಬಗೆಯ ಎಕ್ಸ್‌ಗಳೂ ಎರಡೆರಡಿದ್ದು ಒಟ್ಟು ನಾಲ್ಕಾಗುವುವು. ಉಳಿದ 62 ಇಬ್ಬರಿಗೂ ಸಮಾನ. 62ಕ್ಕೆ ನಾಲ್ಕು ಸೇರಿದರೆ 66. ಮೂರು ಸೇರಿದರೆ 65.

ಮುಂದಿನ ಪೀಳಿಗೆಯಲ್ಲಿ ಈ ಲೆಕ್ಕ ಕೆಡಬಾರದಲ್ಲವೆ? ಸಂಖ್ಯೆಯನ್ನು ಅರ್ಧಕ್ಕಿಳಿಸುವ ವಿಭಜನೆಯಲ್ಲಿ ಗಂಡಿನ ಮೂರು ತಂತುಗಳೂ ಸಾಲುಗೂಡಬೇಕು: ನಡುವೆ ವೈ, ಅದರ ಎರಡು ತುದಿಗಳಿಗೆ ಎರಡು ಎಕ್ಸ್‌ಗಳು. ಎಳೆದಾಟದಲ್ಲಿ ವೈ ಒಂದು ಕಡೆಗೂ ಎರಡು ಎಕ್ಸ್‌ಗಳೂ ಒಟ್ಟಾಗಿ ಇನ್ನೊಂದು ಕಡೆಗೂ ಹೋಗಬೇಕು. ಆಗ ಕೆಲವು ವೀರ್ಯಾಣುಗಳಿಗೆ 33, ಕೆಲವಕ್ಕೆ 32 ತಂತುಗಳು ದೊರೆಯುವುವು. ಅಂಡಕ್ಕೆ ಯಾವಾಗಲೂ 33. ಕೂಡಿಸಿ ನೋಡಿದರೆ ಮಗಳಿಗೆ 66, ಮಗನಿಗೆ 65. ಎಕ್ಸ್‌ಗಳಲ್ಲೊಂದು ದಾರಿ ತಪ್ಪಿ ವೈಯ ಜೊತೆ ಹೋಯಿತೋ, ಅಂಥ ವೀರ್ಯಾಣುವಿನಿಂದ ಹುಟ್ಟುವ ಮರಿಗೆ ಜೀನ್‌ಗಳ ಲೆಕ್ಕ ಹೆಚ್ಚುಕಡಿಮೆಯಾಗುತ್ತದೆ. ಈ ಅಪಾಯವಿದ್ದೂ ವ್ಯವಸ್ಥೆಯು ನಿಂತಿರುವುದರಿಂದ, ಸರಿಯಾದ ಸಾಲೇ ಬಹುಮಟ್ಟಿಗೆ ಏರ್ಪಡುತ್ತಿರಬೇಕು.

ಇದಕ್ಕೆ ಕನ್ನಡಿಯ ಬಿಂಬದಂಥ ಉದಾಹರಣೆಯೊಂದು ನಮ್ಮ ದೇಶದಲ್ಲೇ ಇದೆ. ಕಾಡುಕುರಿ ಎಂಬ ಬೊಗಳುವ ಜಿಂಕೆಯಲ್ಲಿ ಹೆಣ್ಣಿಗೆ 6, ಗಂಡಿಗೆ 7 ವರ್ಣತಂತುಗಳೆಂದು 1970ರಲ್ಲಿ ಗೊತ್ತಾಯಿತು. ಅಲ್ಲಿ ಬೆಸುಗೆಯಾದುದು ವೈಯೊಡನೆ ಅಲ್ಲ, ಎಕ್ಸ್‌ನೊಡನೆ. ಆದುದರಿಂದಲೇ ಗಂಡಿಗೆ ಒಂದು ಹೆಚ್ಚು. ಅದರ ಹತ್ತಿರದ ಬಂಧುವಾದ ಚೀನದ ಜಿಂಕೆಗೆ 46 ತಂತುಗಳಿವೆ. ನೋಡಲು ಎರಡೂ ಹೆಚ್ಚು ಕಡಿಮೆ ಒಂದೇ ತೆರ!

ನದಿಯ ತೊರಕೆಗಳಲ್ಲಿಯೂ ಇಂಥ ಅಂತರವುಂಟು. ಪಾರಾಟ್ರೈಗಾನ್ ಎಂಬ ಕುಲದ ಮೀನಿನಲ್ಲಿ 90 ತಂತುಗಳಿದ್ದರೆ ಪೊಟಮೊಟ್ರೈಗಾನ್ ಕುಲದಲ್ಲಿ 66ರ ಆಸುಪಾಸು. ಎರಡು ಗಿಡ್ಡ ತಂತುಗಳು ತುದಿಗೂಡಿ ಒಂದು ಉದ್ದನೆಯ ತಂತುವಾಗುವುದನ್ನು ರಾಬರ್ಟ್‌ಸನ್ 1916ರಷ್ಟು ಹಿಂದೆಯೇ ಮಿಡತೆಗಳಲ್ಲಿ ವಿವರಿಸಿದ್ದನು. ಅಂಥ ಬೆಸುಗೆಗಳು ಇಲ್ಲಿಯೂ ನಡೆದಿರಬೇಕು. ಅಮೆಜಾನ್ ಜಲಾನಯನದ ಇನ್ನೊಂದು ತೊರಕೆಯಲ್ಲಿ ಗಂಡಿಗೆ ವೈ ತಂತುವೇ ಇಲ್ಲದೆ ಒಂದೇ ಎಕ್ಸ್ ಇರುವುದೂ 2013ರಲ್ಲಿ ವರದಿಯಾಯಿತು. ಒಂದೇ ಕುಲದೊಳಗೆ ಲಿಂಗವನ್ನು ನಿರ್ಣಯಿಸುವ ತಂತುಗಳಲ್ಲಿ ಇಷ್ಟೊಂದು ವೈವಿಧ್ಯವಿರುವುದು ಸಾಮಾನ್ಯ ಸಂಗತಿಯಲ್ಲ.

ಇಲ್ಲಿ ವಿದ್ಯಾರ್ಥಿಗಳು ಒಂದು ತಪ್ಪು ತಿಳಿವಳಿಕೆಗೆ ಎಡೆಗೊಡಬಾರದು. ವರ್ಣತಂತುಗಳು ಬೆಸೆದುದರಿಂದಲೇ ಈ ಮೀನು ಸಿಹಿನೀರಿಗೆ ಒಗ್ಗಿತೆಂದು ಹೇಳಲಾಗದು. ಸಂಖ್ಯೆ ಕಡಿಮೆಯಾದ ಮಾತ್ರಕ್ಕೆ ಜೀವಿಯು ಮುಂದುವರಿದುದೂ ಅಲ್ಲ, ಹಿಂದುಳಿದುದೂ ಅಲ್ಲ. ಹತ್ತು ಸಂಪುಟಗಳ ಪುಸ್ತಕವನ್ನು ಎಂಟಾಗಿ ಕಟ್ಟಿದರೆ ಒಳಗಿನ ಬರಹ ಬದಲಾಗುವುದಿಲ್ಲ. ಯೂರಿಯಾವನ್ನು ಬಿಟ್ಟುಕೊಟ್ಟುದು ಬರಹದಲ್ಲಾದ ತಿದ್ದುಪಾಟು; ವೈಯ ಬೆಸುಗೆ ರಟ್ಟಿನಲ್ಲಾದುದು. ಆದರೆ ಯಾರ ಪುಸ್ತಕವು ಯಾರ ಅಂಗಡಿಯಲ್ಲಿ ಕಟ್ಟಲ್ಪಟ್ಟಿತೆಂಬುದನ್ನು ರಟ್ಟು ಹೇಳಬಲ್ಲದು. ಮೈಬಣ್ಣವೂ ಚುಕ್ಕೆಗಳೂ ಒಂದೇ ಪ್ರಭೇದದೊಳಗೆ ಬಹಳ ವ್ಯತ್ಯಾಸಗೊಳ್ಳುವ ಈ ಮೀನುಗಳಲ್ಲಿ ಅಂಥ ಗುರುತಿಗೆ ಬೆಲೆಯುಂಟು.

ಪರಾನಾ ನದಿಯ ಮೇಲ್ಭಾಗದಲ್ಲಿ ಈ ಗುರುತು ಮಹತ್ವದ ಪ್ರಶ್ನೆಯೊಂದಕ್ಕೆ ಸಂಬಂಧಿಸಿದೆ. ಅಲ್ಲಿ ಮೊದಲು ತೊರಕೆಗಳೇ ಇರಲಿಲ್ಲ. ಬ್ರೆಜಿಲ್ ಮತ್ತು ಪರಾಗ್ವೆ ದೇಶಗಳ ಗಡಿಯಲ್ಲಿದ್ದ ಸೇತೆ ಕ್ವೇದಾಸ್, ಎಂದರೆ ಏಳು ಜಲಪಾತಗಳು, ಕೆಳಗಿನ ಮೀನುಗಳಿಗೆ ಗೋಡೆಯಂತಿದ್ದುವು. 1982ರಲ್ಲಿ ಇಟೈಪು ಅಣೆಕಟ್ಟಿನ ನೀರು ಏರಿ ಆ ಜಲಪಾತಗಳನ್ನು ಮುಳುಗಿಸಿತು. ಗೋಡೆ ಇಲ್ಲವಾದೊಡನೆ ಕೆಳಗಿನ ತೊರಕೆಗಳು ಮೇಲೇರಿ ಹಬ್ಬಿದುವು. ಮುಳ್ಳಿನ ಭಯವನ್ನೇ ಅರಿಯದಿದ್ದ ಅಲ್ಲಿಯ ಬೆಸ್ತರೂ ಸ್ನಾನಕ್ಕಿಳಿಯುವವರೂ ಈಗ ನೋಡಿ ಕಾಲಿಡಬೇಕಾಗಿದೆ. ಮೇಲೆ ಹೇಳಿದ 65 ಮತ್ತು 66ರ ಲೆಕ್ಕ ದೊರೆತುದು ಈ ವಲಸೆಗಾರ ಮೀನುಗಳಿಂದಲೇ. ಅವುಗಳಲ್ಲಿ ಒಂದು ಫಾಕ್ನೆರಿ, ಇನ್ನೊಂದು ಮೊಟೊರೊ ಗುಂಪಿನದು. ಎರಡಕ್ಕೂ ಒಂದೇ ಸಂಖ್ಯೆ, ಒಂದೇ ಬಗೆಯ ಮೂರು ಲಿಂಗತಂತುಗಳು. ಆದುದರಿಂದ ಒಂದರ ವೀರ್ಯಾಣುವು ಇನ್ನೊಂದರ ಅಂಡವನ್ನು ಸೇರಿದರೆ ತಂತುಗಳ ಎಣಿಕೆಯಿಂದ ಯಾವ ಅಡ್ಡಿಯೂ ಬಾರದು. ಫಾಕ್ನೆರಿ ಮತ್ತು ಮೊಟೊರೊ ಪ್ರಭೇದಗಳ ನಡುವೆ ಮಿಶ್ರಸಂತಾನ ಹುಟ್ಟುತ್ತಿರುವುದನ್ನು ಡಿಎನ್‌ಎ ಪರೀಕ್ಷೆಗಳು 2015ರ ವೇಳೆಗೆ ತೋರಿಸಿದುವು.