ಫೈಲ್ ಮುಗಿಯಿತೋ, ನಡುವೆ ಕಡಿಯಿತೋ?

ಹಳಿಯಾಳದಿಂದ ದಾಂಡೇಲಿ ಮೇಲೆ ಜೋಯಿಡಾಕ್ಕೆ ಹೊರಟ ಬಸ್ ನಿಂತಿತು ಎಂದುಕೊಳ್ಳಿ. ಜೋಯಿಡಾ ಬಸ್ ನಿಲ್ದಾಣದಲ್ಲಿ ನಿಂತರೆ ಎಲ್ಲರೂ ಚೀಲ ಎತ್ತಿಕೊಂಡು ಇಳಿಯುತ್ತಾರೆ. ಕಾಡಿನ ನಡುವೆ ನಿಂತರೆ ‘ಏನಾಯಿತು?’ ಎಂದು ಕಂಡಕ್ಟರ್‌ನನ್ನು ಕೇಳುತ್ತಾರೆ. ಎರಡೂ ಕಡೆ ಬಸ್ ನಿಂತಿದೆ, ಆದರೆ ಒಂದು ಕಡೆ ಮಾತ್ರ ಪ್ರಯಾಣ ಮುಗಿದಿದೆ. ಫೈಲ್ ಓದುವ ಪ್ರೋಗ್ರಾಂ ಎದುರಿಸುವ ‘ಎಂಡ್ ಆಫ್ ಫೈಲ್’ ಅಂದರೆ ಇಒಎಫ್ ಕೂಡ ಹೀಗೆಯೇ. ಅದು ಬಂದಾಗ ಫೈಲ್ ಮುಗಿದಿರಬಹುದು, ನಡುವೆ ಕಡಿದಿರಲೂಬಹುದು. ಬಿಇ ಓದುತ್ತಿರುವ ನನ್ನಂಥವರು ಈ ವ್ಯತ್ಯಾಸವನ್ನು ಪಠ್ಯದ ಎರಡು ಸಾಲಿನಲ್ಲಿ ಓದಿ ಪುಟ ತಿರುಗಿಸುತ್ತೇವೆ. ಆದರೆ ಅದರ ಬೆಲೆ ದೊಡ್ಡದು.

ಮೊದಲು ಬಫರ್ ಎಂದರೇನು ನೋಡೋಣ. ಗಣೇಶಗುಡಿಯ ಸೂಪಾ ಅಣೆಕಟ್ಟನ್ನು ನೆನಪಿಸಿಕೊಳ್ಳಿ. ಕಾಳಿ ನದಿ ತುಂಬಿ ಹರಿಯುವುದು ಮಳೆಗಾಲದಲ್ಲಿ, ವಿದ್ಯುತ್ ಬೇಕಿರುವುದು ವರ್ಷವಿಡೀ. ಅದಕ್ಕೇ ನೀರನ್ನು ಹಿಡಿದಿಟ್ಟು ಬೇಕಾದಷ್ಟು ಬಿಡುತ್ತಾರೆ. ಬಫರ್ ಎಂದರೆ ಕಂಪ್ಯೂಟರ್ ಮೆಮೊರಿಯಲ್ಲಿರುವ ಇಂಥದೇ ಪುಟ್ಟ ಜಲಾಶಯ. ಒಂದೊಂದು ಬೈಟ್‌ಗೂ ಡಿಸ್ಕ್‌ನತ್ತ ಓಡುವ ಬದಲು ಒಮ್ಮೆಗೇ ಒಂದಿಷ್ಟು ತಂದಿಟ್ಟುಕೊಳ್ಳುತ್ತದೆ. ಜಾವಾದ ಬಫರ್ಡ್ ಇನ್‌ಪುಟ್ ಸ್ಟ್ರೀಮ್‌ನಲ್ಲಿ ಈ ಜಲಾಶಯದ ಅಳತೆ ಸಾಮಾನ್ಯವಾಗಿ 8192 ಬೈಟ್.

8192 ಬೈಟ್ ಕೇಳಿದಾಗ 3000 ಮಾತ್ರ ಬಂದರೆ? ಡೇಟಾ ಮುಗಿಯಿತು ಎಂದು ಅನೇಕರು ತೀರ್ಮಾನಿಸಿಬಿಡುತ್ತಾರೆ. ಅದು ತಪ್ಪು. ನೆಟ್‌ವರ್ಕ್ ನಿಧಾನವಾಗಿದ್ದರೆ ಅಷ್ಟೇ ಬರಬಹುದು, ಮತ್ತೆ ಕೇಳಬೇಕು. ಯುನಿಕ್ಸ್, ಲಿನಕ್ಸ್‌ನ ‘ರೀಡ್’ ಸೂಚನೆಯ ಉತ್ತರ ಸ್ಪಷ್ಟವಾಗಿದೆ: ಸೊನ್ನೆ ಬಂದರೆ ಇನ್ನು ಓದಲು ಏನೂ ಇಲ್ಲ, ಮೈನಸ್ 1 ಬಂದರೆ ದೋಷ, ಸೊನ್ನೆಗಿಂತ ದೊಡ್ಡ ಸಂಖ್ಯೆ ಬಂದರೆ ಸದ್ಯಕ್ಕೆ ಸಿಕ್ಕಿದ್ದು ಅಷ್ಟು. ಈ ಮೂರನ್ನೂ ಬೇರೆ ಬೇರೆಯಾಗಿ ಪರೀಕ್ಷಿಸುವ ಪ್ರೋಗ್ರಾಂ ಮೋಸ ಹೋಗುವುದು ಕಡಿಮೆ.

ಸಿ ಭಾಷೆಯಲ್ಲಿ ಎಲ್ಲರಿಗೂ ಪರಿಚಿತವಾದ ತೊಡಕೊಂದಿದೆ. ‘ಎಫ್‌ಇಒಎಫ್ ಅಲ್ಲದವರೆಗೆ ಓದು’ ಎಂದು ವೈಲ್ ಲೂಪ್ ಬರೆದರೆ ಕೊನೆಯ ಸಾಲು ಎರಡು ಬಾರಿ ಪ್ರಿಂಟ್ ಆಗುತ್ತದೆ. ಕಾರಣ ಇಷ್ಟೇ: ಎಫ್‌ಇಒಎಫ್ ಭವಿಷ್ಯ ಹೇಳುವುದಿಲ್ಲ. ಓದಲು ಹೋಗಿ ಏನೂ ಸಿಗದಿದ್ದ ಮೇಲೆಯೇ ಅದು ‘ಮುಗಿದಿದೆ’ ಎನ್ನುತ್ತದೆ. ಆದ್ದರಿಂದ ಮೊದಲು ಓದಬೇಕು, ಓದು ಫಲಿಸಿತೇ ಎಂದು ನೋಡಬೇಕು. ಫಲಿಸದಿದ್ದರೆ ಮುಗಿದದ್ದೋ ದೋಷವೋ ಎಂದು ಎಫ್‌ಇಒಎಫ್ ಮತ್ತು ಎಫ್‌ಎರರ್‌ಗಳನ್ನು ಕೇಳಬೇಕು.

ನಮ್ಮ ಭಾಷೆಗಳಿಗೂ ಇಲ್ಲೊಂದು ಸಮಸ್ಯೆಯಿದೆ. ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದ ಪ್ರತಿ ಅಕ್ಷರ ಮತ್ತು ಗುಣಿತ ಚಿಹ್ನೆಗೆ 3 ಬೈಟ್ ಬೇಕು. ಹಳಿಯಾಳದಲ್ಲಿ ಬರೆಯುವ ಮರಾಠಿಗೂ ಮುಂಡಗೋಡದ ಕ್ಯಾಂಪ್‌ಗಳಲ್ಲಿ ಬರೆಯುವ ಟಿಬೆಟನ್ ಲಿಪಿಗೂ ಅಷ್ಟೇ. ಆದರೆ 8192 ಮೂರರಿಂದ ಭಾಗವಾಗುವುದಿಲ್ಲ. 2730 ಚಿಹ್ನೆಗಳಿಗೆ 8190 ಬೈಟ್ ಮುಗಿದು, ಮುಂದಿನ ಚಿಹ್ನೆಯ 2 ಬೈಟ್ ಈ ಬಫರ್‌ನಲ್ಲಿ, ಉಳಿದ 1 ಬೈಟ್ ಮುಂದಿನದರಲ್ಲಿ ಬೀಳುತ್ತದೆ. ಪ್ರತಿ ತುಂಡನ್ನೂ ಆಗಲೇ ಅಕ್ಷರಕ್ಕೆ ಬದಲಿಸಲು ಹೋದರೆ ಪೈಥಾನ್ ‘ಡೇಟಾ ಅನಿರೀಕ್ಷಿತವಾಗಿ ಮುಗಿದಿದೆ’ ಎಂಬರ್ಥದ ದೋಷ ತೋರಿಸುತ್ತದೆ. ಫೈಲ್ ಮಾತ್ರ ಸರಿಯಾಗಿಯೇ ಇರುತ್ತದೆ! ಉಳಿದ ಬೈಟ್‌ಗಳನ್ನು ಮುಂದಿನ ಸುತ್ತಿಗೆ ಕಾಯ್ದಿರಿಸುವುದೇ ಪರಿಹಾರ. ಫೈಲನ್ನು ಟೆಕ್ಸ್ಟ್ ಆಗಿ ತೆರೆದರೆ ಭಾಷೆಯೇ ಆ ಕೆಲಸ ಮಾಡಿಕೊಡುತ್ತದೆ. ಇಂಗ್ಲಿಷ್‌ನಲ್ಲಷ್ಟೇ ಪರೀಕ್ಷಿಸಿದ ಪ್ರೋಗ್ರಾಂನಲ್ಲಿ ಈ ದೋಷ ಕಾಣುವುದೇ ಇಲ್ಲ.

ಇದೆಲ್ಲ ಲ್ಯಾಬ್ ವಿಷಯ ಎನ್ನಬೇಡಿ. ನನ್ನ ದೊಡ್ಡಪ್ಪನ ಮಗಳು ಜೋಯಿಡಾ ಕಡೆಯ ಹಳ್ಳಿಯಲ್ಲಿದ್ದಾಳೆ. ಮನೆಯಲ್ಲಿ ಸಿಗ್ನಲ್ ಇಲ್ಲ, ಗುಡ್ಡ ಹತ್ತಬೇಕು. ಅಲ್ಲಿಂದಲೇ ಒಂದು ಕೆಲಸಕ್ಕೆ ಅರ್ಜಿ ಹಾಕಿ ಅಂಕಪಟ್ಟಿಯ ಪಿಡಿಎಫ್ ಅಪ್‌ಲೋಡ್ ಮಾಡಿದಳು. ಸಿಗ್ನಲ್ ಹೋಗಿ ಬಂದು ಮಾಡುತ್ತಿತ್ತು, ಕೊನೆಗೆ ‘ಯಶಸ್ವಿ’ ಎಂದು ಬಂತು. ಕೆಲವು ವಾರಗಳ ನಂತರ ಫೈಲ್ ತೆರೆಯುತ್ತಿಲ್ಲವೆಂದು ಅರ್ಜಿ ತಿರಸ್ಕಾರವಾಯಿತು. ಅವಳ ಫೋನಿನಲ್ಲಿ ಅದೇ ಪಿಡಿಎಫ್ ಚೆನ್ನಾಗಿ ತೆರೆಯುತ್ತಿತ್ತು. ‘ಸಕ್ಸಸ್ ಅಂತ ಬಂದಿತ್ತಲ್ಲೋ ತಮ್ಮಾ’ ಎಂದು ಅಕ್ಕ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಒಳಗೆ ಏನಾಯಿತೆಂದು ಹೊರಗಿನಿಂದ ಹೇಳಲಾಗದು. ಆದರೆ ಸಂಪರ್ಕ ಕಡಿದದ್ದನ್ನು ‘ಮುಗಿಯಿತು’ ಎಂದು ಓದಿಕೊಂಡ ಪ್ರೋಗ್ರಾಂ ಅರ್ಧ ಫೈಲನ್ನೇ ಉಳಿಸಿ ‘ಯಶಸ್ವಿ’ ಎನ್ನುವುದು ಖಂಡಿತ ಸಾಧ್ಯ.

ಇದನ್ನು ತಡೆಯುವ ದಾರಿಗಳು ಹಳೆಯವು, ಸರಳವಾದವು. ಎಷ್ಟು ಬೈಟ್ ಬರಲಿದೆ ಎಂದು ಮೊದಲೇ ಹೇಳುವುದು ಒಂದು. ವೆಬ್‌ನ ‘ಕಂಟೆಂಟ್ ಲೆಂಗ್ತ್’ ಅದೇ. ಬಂದದ್ದು ಅದಕ್ಕಿಂತ ಕಡಿಮೆಯಿದ್ದರೆ ಕಡಿದಿದೆ ಎಂದೇ ಅರ್ಥ. ಕೊನೆಗೊಂದು ಗುರುತು ಇಡುವುದು ಎರಡನೆಯದು. ಪಿಎನ್‌ಜಿ ಚಿತ್ರ ‘ಐಎಂಡ್’ ಎಂಬ ಭಾಗದಿಂದ ಮುಗಿಯುತ್ತದೆ. ಜಿಜಿಪ್ ಫೈಲಿನ ಕೊನೆಯ 8 ಬೈಟ್‌ಗಳಲ್ಲಿ ತಾಳೆ ನೋಡುವ ಸಂಖ್ಯೆ ಮತ್ತು ಮೂಲ ಗಾತ್ರ ಇರುತ್ತವೆ. ಜಾವಾದ ‘ರೀಡ್‌ಫುಲ್ಲಿ’ ಕೇಳಿದಷ್ಟು ಸಿಗದಿದ್ದರೆ ‘ಇಒಎಫ್ ಎಕ್ಸೆಪ್ಷನ್’ ಎಸೆಯುತ್ತದೆ. ಅದನ್ನು ಹಿಡಿದು ಖಾಲಿ ‘ಕ್ಯಾಚ್’ನಲ್ಲಿ ಹೂತುಹಾಕಬೇಡಿ, ಅದು ನಿಮ್ಮನ್ನು ಎಚ್ಚರಿಸುತ್ತಿದೆ. ಬಂದ ಡೇಟಾವನ್ನು ತಾತ್ಕಾಲಿಕ ಹೆಸರಿನಲ್ಲಿ ಉಳಿಸಿ, ಎಲ್ಲ ತಾಳೆಯಾದ ಮೇಲೆಯೇ ನಿಜವಾದ ಹೆಸರು ಕೊಡಿ. ಬರೆಯುವ ಕಡೆಯೂ ‘ಕ್ಲೋಸ್’ ಮಾಡಲು ಮರೆತರೆ ಕೊನೆಯ ತುಂಡು ಬಫರ್‌ನಲ್ಲೇ ಉಳಿದುಹೋಗಬಹುದು.

ಕೆಲಸ ಹುಡುಕುತ್ತಿರುವವರಿಗೆ ಇನ್ನೊಂದು ಮಾತು. ಆನ್‌ಲೈನ್ ಕೋಡಿಂಗ್ ಪರೀಕ್ಷೆಗಳಲ್ಲಿ ಇನ್‌ಪುಟ್ ಎಷ್ಟು ಸಾಲು ಎಂದು ಕೆಲವೊಮ್ಮೆ ಹೇಳುವುದೇ ಇಲ್ಲ. ಅಲ್ಲಿ ಇಒಎಫ್ ಬರುವವರೆಗೆ ಓದಬೇಕು. ಪೈಥಾನ್‌ನ ‘ಇನ್‌ಪುಟ್’ ಆಗ ಇಒಎಫ್ ಎರರ್ ಕೊಡುತ್ತದೆ. ಅಲ್ಲಿ ಅದು ದೋಷವಲ್ಲ, ನಿಲ್ಲಿಸು ಎಂಬ ಸೂಚನೆ. ಒಂದೇ ಸಂದೇಶ ಒಂದು ಕಡೆ ಸಹಜ, ಇನ್ನೊಂದು ಕಡೆ ಅಪಾಯ. ಯಾವುದು ಯಾವಾಗ ಎಂದು ನಿರ್ಧರಿಸಬೇಕಾದವರು ಕೋಡ್ ಬರೆಯುವ ನಾವು. ನಾಳೆ ನಮ್ಮಲ್ಲೇ ಯಾರೋ ಅರ್ಜಿ ಸ್ವೀಕರಿಸುವ ಪ್ರೋಗ್ರಾಂ ಬರೆಯುತ್ತೇವೆ. ‘ಯಶಸ್ವಿ’ ಎಂದು ತೋರಿಸುವ ಮೊದಲು ಬೈಟ್‌ಗಳನ್ನು ಒಮ್ಮೆ ಎಣಿಸೋಣ. ಆಚೆ ಬದಿಯಲ್ಲಿರುವವರು ಫೈಲ್ ಕಳಿಸಲು ಗುಡ್ಡ ಹತ್ತಿ ನಿಂತಿರಬಹುದು.